ಖಾಲಿ ಗೂಡಿನ ಮಳೆಗಾಲ: ಕಲ್ಯಾಣಪುರದ ಒಂದು ಆಮೆ ಪ್ರಕರಣ

ಪಶುವೈದ್ಯನ ಬಳಿಗೆ ಪ್ರಾಣಿ ಇಲ್ಲದೆ ಬರುವವರು ಸಾಮಾನ್ಯವಾಗಿ ಎರಡೇ ಬಗೆ: ಸಾಕಿದ ಪ್ರಾಣಿ ಸತ್ತವರು ಮತ್ತು ದೇಣಿಗೆ ಕೇಳುವವರು. 2024ರ ಏಪ್ರಿಲ್‌ನಲ್ಲಿ, ಶಾಲೆಗಳಿಗೆ ರಜೆ ಸಿಕ್ಕ ವಾರ, ಉಡುಪಿಯ ನನ್ನ ಚಿಕಿತ್ಸಾಲಯಕ್ಕೆ ಕಲ್ಯಾಣಪುರದಿಂದ ಬಂದ ನಾಲ್ವರು ಈ ಎರಡರಲ್ಲಿ ಯಾವುದಕ್ಕೂ ಸೇರಿರಲಿಲ್ಲ. ತಂದೆ ಬ್ಯಾಂಕ್ ಉದ್ಯೋಗಿ, ತಾಯಿ ಶಿಕ್ಷಕಿ, ಮಗ ಏಳನೆಯ ತರಗತಿಗೆ ಹೋಗಲಿರುವವನು, ಜೊತೆಗೆ ಎಪ್ಪತ್ತೆರಡರ ಅಜ್ಜಿ. ಹುಡುಗನಿಗೆ ಹುಟ್ಟುಹಬ್ಬಕ್ಕೆ ಆಮೆ ಬೇಕು. ತರುವ ಮುಂಚೆ ಒಂದು ಮಾತು ಕೇಳಿಬಿಡೋಣ ಎಂದು ಬಂದಿದ್ದರು. ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ 'ತರುವ ಮುಂಚೆ' ಬಂದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಆದ್ದರಿಂದಲೇ ಈ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ತಂದೆ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದರು. ನೀಲಿ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಮುಷ್ಟಿಗಾತ್ರದ ಆಮೆ, ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ಚುಕ್ಕಿ ರಂಗೋಲಿಯ ಹಾಗೆ ನಡುವಿನಿಂದ ಸುತ್ತಲೂ ಹರಡಿದ್ದವು. ಮೀನಿನ ತೊಟ್ಟಿ ಮಾರುವ ಅಂಗಡಿಯವರೊಬ್ಬರು ಕಳುಹಿಸಿದ್ದಂತೆ. "ಕಾಗದಪತ್ರ ಏನೂ ಬೇಡ, ಮನೆಗೆ ಒಳ್ಳೆಯದು, ಎಲ್ಲರೂ ಸಾಕುತ್ತಾರೆ ಎಂದರು" ಎಂದು ತಂದೆ ಹೇಳಿದರು. ಆಮೆ ಇದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ ಎಂಬ ಮಾತು ಅದರ ಬೆಲೆಯಲ್ಲೇ ಸೇರಿರುತ್ತದೆ.

ಅದು ನಕ್ಷತ್ರ ಆಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅದು ಮೊದಲನೆಯ ಅನುಸೂಚಿಯಲ್ಲಿದೆ, ಅಂದರೆ ಹುಲಿ, ಆನೆಗಳ ಸಾಲಿನಲ್ಲಿ. ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದಲ್ಲೂ 2019ರಲ್ಲಿ ಅದನ್ನು ಅತಿ ಕಟ್ಟುನಿಟ್ಟಿನ ಮೊದಲನೆಯ ಪಟ್ಟಿಗೆ ಏರಿಸಲಾಯಿತು. ಮನೆಯಲ್ಲಿಟ್ಟು ಸಿಕ್ಕಿಬಿದ್ದರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಸೆರೆ, ಮೇಲೆ ಕನಿಷ್ಠ 25,000 ರೂಪಾಯಿ ದಂಡ. ಇಷ್ಟು ಹೇಳುವಷ್ಟರಲ್ಲಿ ತಂದೆಯವರು ಮೊಬೈಲನ್ನು ಜೇಬಿಗೆ ಇಳಿಸಿಯಾಗಿತ್ತು, ಚಿತ್ರ ನೋಡಿದ್ದೇ ಅಪರಾಧ ಎನ್ನುವ ಹಾಗೆ. ಅರಣ್ಯ ಇಲಾಖೆಗೆ ತಿಳಿಸಿ ಎಂದೆ. ಎರಡು ದಿನ ಹಿಂದೆಮುಂದೆ ನೋಡಿ ತಿಳಿಸಿದರು.

ಆಗ ಅಜ್ಜಿ ಬಾಯಿ ತೆರೆದರು. "ಅಲ್ಲ ಮಾರಾಯರೆ, ನನ್ನ ತವರಿನ ಬಾವಿಯಲ್ಲಿ ಆಮೆ ಇತ್ತು. ನೀರು ಚೊಕ್ಕವಾಗಿರಲಿ ಎಂದು ನನ್ನ ಅಪ್ಪನೇ ಗದ್ದೆಯಿಂದ ತಂದು ಬಿಟ್ಟದ್ದು. ಯಾವ ಪೊಲೀಸರೂ ಬರಲಿಲ್ಲ." ಅವರು ಹೇಳುತ್ತಿದ್ದದ್ದು ನಮ್ಮ ಗದ್ದೆ, ಕೆರೆ, ತೋಡುಗಳಲ್ಲಿ ಸಿಗುವ ಮೆತು ಅಂಚಿನ ನೀರಾಮೆಯ ಬಗ್ಗೆ. ಹಿಂಗಾಲನ್ನು ಒಳಗೆಳೆದುಕೊಂಡಾಗ ಹೊಟ್ಟೆಯ ಕಡೆಯ ಎರಡು ಮಡಿಕೆಗಳು ಬಾಗಿಲಿನ ಹಾಗೆ ಮುಚ್ಚಿಕೊಳ್ಳುವ ಆಮೆ ಅದು. ಅದೂ ಮೊದಲನೆಯ ಅನುಸೂಚಿಯದೇ. ಮಳೆ ಬಂದಾಗ ರಸ್ತೆ ದಾಟುತ್ತಿದ್ದರೆ ಆಚೆ ದಡಕ್ಕೆ ಬಿಡಬಹುದು, ಮನೆಗೆ ತರುವಂತಿಲ್ಲ. ಅಜ್ಜಿಯ ಅಪ್ಪನನ್ನು ಮಾತ್ರ ಕಾಲವೇ ಕ್ಷಮಿಸಿದೆ.

ಹುಡುಗನ ಪುಸ್ತಕದ ರಟ್ಟಿನ ಮೇಲೆ ಇನ್ನೊಂದು ಆಮೆ ಇತ್ತು. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ. ನಾಣ್ಯದಷ್ಟಿರುವಾಗ ಗಾಜಿನ ಬೋಗುಣಿಯಲ್ಲಿ ಮಾರುವ ಅಮೆರಿಕದ ನೀರಾಮೆ. ತಟ್ಟೆಯಷ್ಟಾದಾಗ ವಾಸನೆ ತಡೆಯಲಾರದೆ ದೇವಸ್ಥಾನದ ಕೆರೆಗೆ ಬಿಟ್ಟುಬರುತ್ತಾರೆ, ಪುಣ್ಯ ಬಂತು ಎಂದುಕೊಳ್ಳುತ್ತಾರೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಭಾಷೆಯಲ್ಲಿ ಕೆರೆಯದಕ್ಕೂ ಗುಡ್ಡದ್ದಕ್ಕೂ ಒಂದೇ ಹೆಸರು, ಆಮೆ. ಕಡಲಿನದ್ದಾದರೆ ಹೆಚ್ಚೆಂದರೆ ಕಡಲಾಮೆ. ಆದ್ದರಿಂದ ಯಾರಾದರೂ ಆಮೆ ಬೇಕು ಎಂದಾಗ ನನ್ನ ಮೊದಲ ಪ್ರಶ್ನೆ, ಈಜುವುದೋ ನಡೆಯುವುದೋ ಎಂಬುದು. ಹುಡುಗ ಸ್ವಲ್ಪ ಯೋಚಿಸಿ "ನಡೆಯುವುದು" ಎಂದ. "ಅದು ನನ್ನ ಹಿಂದೆ ಬರಬೇಕು."

ಅಲ್ಲಿಗೆ ಉಳಿದದ್ದು ಹೊರದೇಶದ ಮೂಲದ, ಇಲ್ಲೇ ಹುಟ್ಟಿ ಬೆಳೆದ, ಕಾಗದಪತ್ರ ಇರುವ ನೆಲದ ಆಮೆಗಳು ಮಾತ್ರ. ಇವುಗಳಿಗೂ ಕಾನೂನಿದೆ. ನೆಲದ ಆಮೆಗಳ ಇಡೀ ಕುಟುಂಬವೇ ಸೈಟಿಸ್ ಪಟ್ಟಿಗಳಲ್ಲಿದೆ. 2024ರ ಫೆಬ್ರುವರಿ ಕೊನೆಯಲ್ಲಿ ಹೊರಟ ನಿಯಮಗಳ ಪ್ರಕಾರ ಇಂಥ ಜೀವಿಗಳನ್ನು ಇಟ್ಟುಕೊಂಡವರು ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಆರು ತಿಂಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕಿತ್ತು. ಆಮೇಲೆ ಪಡೆದವರಿಗೆ 30 ದಿನಗಳ ಅವಕಾಶ. ಹುಟ್ಟು, ಸಾವು, ಕೈ ಬದಲಾವಣೆ ಎಲ್ಲವನ್ನೂ ತಿಳಿಸಬೇಕು. ಬ್ಯಾಂಕಿನವರಾದ ತಂದೆಗೆ ಈ ಭಾಗ ಬಹಳ ಹಿಡಿಸಿತು. ಅರ್ಜಿ ಇದ್ದ ಕಡೆ ಅವರಿಗೆ ನೆಮ್ಮದಿ.

ನನ್ನ ತಪ್ಪು ಇಲ್ಲಿಂದ ಶುರು. ಯಾವುದು ಒಳ್ಳೆಯದು ಎಂದು ಕೇಳಿದ್ದಕ್ಕೆ ಹಿಂದುಮುಂದು ನೋಡದೆ ಸುಲ್ಕಾಟಾ ಎಂದೆ. ಆಫ್ರಿಕಾದ ಈ ಆಮೆ ಸುಲಭವಾಗಿ ಸಿಗುತ್ತದೆ, ಗಟ್ಟಿ ಜೀವ, ಹುಲ್ಲು ತಿಂದು ಬದುಕುತ್ತದೆ, ಜನರನ್ನು ಕಂಡರೆ ಅಂಜುವುದಿಲ್ಲ. ಹುಡುಗನ ಹಿಂದೆ ನಡೆದು ಬರುವುದಂತೂ ಖಂಡಿತ. ಅದರ ದೊಡ್ಡ ತೊಂದರೆ ಗಾತ್ರ ಎಂದು ಎಚ್ಚರಿಸಿದೆ: ಮೊಟ್ಟೆಯಿಂದ ಹೊರಬಂದಾಗ ಅಂಗೈ ತುಂಬದ ಮರಿ, ಬೆಳೆದ ಗಂಡು 45 ಕಿಲೋ ದಾಟುತ್ತದೆ. ಗಲಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯರನ್ನು ಬಿಟ್ಟರೆ ಜಗತ್ತಿನ ಅತಿ ದೊಡ್ಡ ನೆಲದ ಆಮೆ ಅದು. ಆಯುಷ್ಯವೂ ಅಷ್ಟೇ ಉದ್ದ. ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ಸತ್ತ ಅಲ್ಡಾಬ್ರಾ ಆಮೆಗೆ ಇನ್ನೂರೈವತ್ತು ವರ್ಷ ಆಗಿತ್ತೆಂಬ ಪ್ರತೀತಿ ಇದೆ, ಅದನ್ನು ಪೂರ್ತಿ ನಂಬದಿದ್ದರೂ ನೂರು ದಾಟಿದ್ದರಲ್ಲಿ ಅನುಮಾನವಿಲ್ಲ. ಅದರ ಹೆಸರು ಅದ್ವೈತ. ಮಧ್ವರ ಊರಿನ ಅಜ್ಜಿಯ ಎದುರು ಈ ಹೆಸರು ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನಕ್ಕು, "ಅಷ್ಟು ಕಾಲ ಬದುಕಿದರೆ ಯಾವ ಮತವಾದರೂ ಆದೀತು" ಎಂದರು.

ಗಾತ್ರದ ಬಗ್ಗೆ ಎಚ್ಚರಿಸಿದ ನಾನು ಊರಿನ ಬಗ್ಗೆ ಯೋಚಿಸಲೇ ಇಲ್ಲ. ಸುಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನದು. ಸೆನೆಗಲ್‌ನಿಂದ ಇಥಿಯೋಪಿಯದವರೆಗಿನ ಒಣ ನಾಡಿನದು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ. ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸವೆಂದರೆ ಅವಸರ ಬೇಡ ಎಂದದ್ದು. ಹುಟ್ಟುಹಬ್ಬ ಜೂನ್‌ನಲ್ಲಿತ್ತು. ಹುಡುಗನಿಗೆ ಆಮೆಯ ಬದಲು ಆಮೆಯ ಗೂಡನ್ನು ಕೊಡಿ ಎಂದೆ. ಗೂಡು ಕಟ್ಟಿ, ಆಮೆ ಒಳಗಿದೆ ಎಂದೇ ಭಾವಿಸಿ ಒಂದು ಮಳೆಗಾಲ ನಡೆಸಿ. ದಿನಕ್ಕೆ ಮೂರು ಸಲ ಉಷ್ಣಾಂಶ, ತೇವಾಂಶ, ಬಿಸಿಲು ಬರೆದಿಡಿ. ದೀಪ ಹಚ್ಚಿ, ಆರಿಸಿ, ಮೇವು ಹಾಕಿ, ಮೇವು ತೆಗೆಯಿರಿ. ಹುಡುಗನ ಮುಖ ಸಣ್ಣದಾಯಿತು. ಖಾಲಿ ಗೂಡಿಗೆ ಮೇವು ಹಾಕುವವನನ್ನು ಗೆಳೆಯರು ಏನೆಂದಾರು?

ಮೇ ತಿಂಗಳ ಒಂದು ಭಾನುವಾರ ಅವರ ಮನೆಗೆ ಹೋದೆ. ಹತ್ತು ಸೆಂಟ್ಸ್ ಜಾಗ, ಮುರಕಲ್ಲಿನ ಪಾಗಾರ, ಹೆಂಚಿನ ಮನೆ, ಕಟ್ಟೆ ಇರುವ ಬಾವಿ, ಹಿಂಬದಿಯಲ್ಲಿ ಜಗಲಿ. ಗೂಡು ಎಲ್ಲಿರಬೇಕೆಂದು ನೋಡಲು ಹೋದವನು ಎರಡು ಗಂಟೆ ಅಜ್ಜಿಯ ಹಿತ್ತಿಲಿನಲ್ಲೇ ಕಳೆದೆ. ಆಮೆಗೆ ಊಟದ ಮನೆಯೂ ಅದೇ, ವಿಷದ ಅಂಗಡಿಯೂ ಅದೇ.

ಪೂಜೆಯ ಹೂಗಳಿಗಾಗಿ ಸಾಲಾಗಿ ನೆಟ್ಟ ದಾಸವಾಳ. ಅದರ ಹೂ, ಎಲೆ ಎರಡೂ ಆಮೆಗೆ ಒಳ್ಳೆಯ ಮೇವು. ಪಕ್ಕದಲ್ಲೇ ಕಣಗಿಲೆ, ಅದರ ಎಲೆ, ಹೂ, ಕಾಂಡ ಎಲ್ಲವೂ ಹೃದಯಕ್ಕೆ ವಿಷ, ನಾಲ್ಕೆಲೆ ಉದುರಿ ಬಿದ್ದರೂ ಅಪಾಯ. ಬಾವಿಯ ಬಳಿ ಬಸಳೆ ಚಪ್ಪರ. ನಮಗೆ ಅದು ಅಮೃತ, ಹಲಸಿನ ಬೀಜ ಸೇರಿದರೆ ಮಾತೇ ಬೇಡ. ಆದರೆ ಅದರ ಆಕ್ಸಲೇಟ್ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ದಿನವೂ ಅದನ್ನೇ ತಿಂದ ಆಮೆಯ ಚಿಪ್ಪಿಗೆ ಸೇರಬೇಕಾದ ಸುಣ್ಣ ಸೇರುವುದಿಲ್ಲ. ಬಚ್ಚಲ ನೀರು ಹೋಗುವಲ್ಲಿ ಕೆಸು. ಪತ್ರೊಡೆಗಾಗಿ ಹುಣಸೆ ಹಾಕಿ ಬೇಯಿಸಿದರೂ ಕೆಲವೊಮ್ಮೆ ಗಂಟಲು ಕೆರೆಯುವ ಎಲೆಯನ್ನು ಹಸಿಯಾಗಿ ತಿಂದ ಪ್ರಾಣಿಯ ಬಾಯಿಯ ಪಾಡು ಊಹಿಸಬಹುದು. ಪಾಗಾರದ ಬುಡದಲ್ಲಿ ಗರಿಕೆ ದಟ್ಟವಾಗಿತ್ತು, ಬಹಳ ಒಳ್ಳೆಯದು. ಪಕ್ಕದ ಗದ್ದೆಯ ಹುಣಿಯಲ್ಲೂ ಹುಲ್ಲಿತ್ತು, ಆದರೆ ಅಲ್ಲಿ ಕಳೆನಾಶಕ ಹೊಡೆಯುತ್ತಾರೆಂದು ಗೊತ್ತಾಯಿತು. ಅದು ಬೇಡ.

ಅಜ್ಜಿ ನನ್ನ ಹಿಂದೆಯೇ ನಡೆಯುತ್ತಾ ಒಂದೊಂದು ಗಿಡಕ್ಕೂ ತೀರ್ಪು ಕೇಳಿದರು. ಕಣಗಿಲೆಯನ್ನು ಪಾಗಾರದ ಆಚೆ ಬದಿಗೆ ಸಾಗಿಸಲು ಒಪ್ಪಿದರು. ಬಸಳೆಯ ಮಾತು ಬಂದಾಗ ನಿಂತುಬಿಟ್ಟರು. "ಚಪ್ಪರ ಇರುತ್ತದೆ. ಆಮೆ ಅದರ ಕಡೆ ಬರಬಾರದು, ಅಷ್ಟೇ." ಚಪ್ಪರದ ಸುತ್ತ ಎರಡು ಸಾಲು ಮುರಕಲ್ಲು ಇಡುವುದೆಂದು ರಾಜಿಯಾಯಿತು. ಆಮೆಗೆ ಹಾರಲು ಬರುವುದಿಲ್ಲ, ಆದರೆ ಆಚೆ ಬದಿ ಕಂಡರೆ ಗಂಟೆಗಟ್ಟಲೆ ತಲೆ ಗುದ್ದುತ್ತದೆ. ಬೇಲಿಗೆ ಬಲೆ ಬೇಡ, ಕಣ್ಣಿಗೆ ಅಡ್ಡವಾಗುವ ಕಲ್ಲೇ ಆಗಬೇಕು.

ಗೂಡಿನ ಬಗ್ಗೆ ತಾಯಿ ಬಹಳಷ್ಟು ಓದಿಕೊಂಡಿದ್ದರು. ಓದಿದ್ದೆಲ್ಲ ಇಂಗ್ಲೆಂಡಿನವರು ಬರೆದದ್ದು. ಬಿಸಿ ಹಾಸು, ರಾತ್ರಿಯ ಶಾಖದ ದೀಪ, ಗಾಜಿನ ಪೆಟ್ಟಿಗೆ ಎಂದು ಪಟ್ಟಿ ಮಾಡಿದ್ದರು. ಅರ್ಧಕ್ಕಿಂತ ಹೆಚ್ಚನ್ನು ಹೊಡೆದುಹಾಕಿದೆ. ಕರಾವಳಿಯಲ್ಲಿ ಚಳಿ ಆಮೆಯನ್ನು ಕೊಲ್ಲುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿಟ್ಟ ಗಾಜಿನ ಪೆಟ್ಟಿಗೆ ಅರ್ಧ ಗಂಟೆಯಲ್ಲಿ ಕೊಲ್ಲಬಹುದು. ಉಳಿಸಿಕೊಂಡದ್ದು ನೇರಳಾತೀತ ಬಿ ಕಿರಣದ ಕೊಳವೆ ದೀಪ. ಆ ಕಿರಣ ಬಿದ್ದರೆ ಮಾತ್ರ ಆಮೆಯ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ, ಅದಿದ್ದರೆ ಮಾತ್ರ ತಿಂದ ಸುಣ್ಣ ಎಲುಬಿಗೆ ಹೋಗುತ್ತದೆ. ಆಮೆಯ ಚಿಪ್ಪು ಹೊತ್ತುಕೊಂಡ ಮನೆ ಅಲ್ಲ, ಅದರ ಪಕ್ಕೆಲುಬು ಮತ್ತು ಬೆನ್ನೆಲುಬೇ ಬೆಸೆದು ಆದದ್ದು. ಬಿಸಿಲು ಕಿಟಕಿಯ ಗಾಜಿನಿಂದ ಬಂದರೆ ಬೆಳಕು ಬರುತ್ತದೆ, ಆ ಕಿರಣ ಬರುವುದಿಲ್ಲ. ದೀಪವಾದರೂ ಅಷ್ಟೇ, ಆರು ತಿಂಗಳಿಂದ ವರ್ಷದೊಳಗೆ ಅದರ ಕಿರಣ ಬತ್ತಿ ಹೋಗಿರುತ್ತದೆ, ಬೆಳಕು ಮಾತ್ರ ಮೊದಲಿನಂತೆಯೇ ಇರುತ್ತದೆ. ಕೊಂಡ ತಾರೀಕನ್ನು ದೀಪದ ಮೇಲೆಯೇ ಬರೆದಿಡಬೇಕು.

ಆಚಾರಿಯವರು ಆರು ಅಡಿ ಉದ್ದ, ಮೂರು ಅಡಿ ಅಗಲದ ಪ್ಲೈವುಡ್ ಪೆಟ್ಟಿಗೆ ಮಾಡಿಕೊಟ್ಟರು. ಮಣ್ಣು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿ ನಾಲ್ಕು ಬೆರಳು ದಪ್ಪಕ್ಕೆ ಹಾಸಿದರು. ದೀಪ, ಉಷ್ಣಮಾಪಕ, ತೇವಮಾಪಕ, ಅಡಗಲು ಅರ್ಧ ಒಡೆದ ಮಣ್ಣಿನ ಮಡಕೆ. ಆಮೆ ಬರುವ ಮುಂಚೆಯೇ 14,600 ರೂಪಾಯಿ ಖರ್ಚಾಗಿತ್ತು. ತಂದೆ ಅದನ್ನೂ ಬರೆದಿಟ್ಟಿದ್ದರು.

ಜೂನ್‌ನಲ್ಲಿ ಮಳೆ ಹಿಡಿಯಿತು, ಜುಲೈಯಲ್ಲಿ ಸುರಿಯಿತು. ನಾನು ಬೇರೆ ಕೆಲಸಗಳಲ್ಲಿ ಮುಳುಗಿ ಈ ಮನೆಯನ್ನು ಮರೆತಿದ್ದೆ. ಸೆಪ್ಟೆಂಬರ್ ಕೊನೆಯಲ್ಲಿ ಅವರು ಇನ್ನೂರು ಪುಟದ ಒಂದು ನೋಟ್ ಪುಸ್ತಕದ ಜೊತೆ ಬಂದರು. ನಾನು ಓದಿದ ರೋಗಚರಿತ್ರೆಗಳಲ್ಲಿ ಅದೇ ಅತ್ಯುತ್ತಮ, ರೋಗಿಯೇ ಇಲ್ಲದ ರೋಗಚರಿತ್ರೆ.

ಬೆಳಗಿನ ಆರು ಗಂಟೆಯ ಉಷ್ಣಾಂಶ 24, 25, 24, 25 ಎಂದು ಮೂರು ತಿಂಗಳೂ ಒಂದೇ ರಾಗ. ಜುಲೈಯ ಒಂದು ರಾತ್ರಿ ಗಾಳಿಗೆ ಮರ ಬಿದ್ದು ಹನ್ನೊಂದು ಗಂಟೆ ವಿದ್ಯುತ್ ಇರಲಿಲ್ಲ, ಆಗಲೂ 24ಕ್ಕಿಂತ ಕೆಳಗೆ ಇಳಿಯಲಿಲ್ಲ. ತೇವಾಂಶ ಮಾತ್ರ ಜುಲೈಯಲ್ಲಿ ಒಂದು ದಿನವೂ ಶೇ 85ರಿಂದ ಕೆಳಗೆ ಬರಲಿಲ್ಲ. ಅಂಗಳದ ಒಂದು ಮೂಲೆಗೆ ಬಿದ್ದ ಬಿಸಿಲನ್ನು ನಿಮಿಷಗಳಲ್ಲಿ ಬರೆದಿದ್ದರು; ಇಡೀ ಜುಲೈಯದನ್ನು ಕೂಡಿಸಿದರೆ ಹತ್ತೊಂಬತ್ತು ಗಂಟೆ. ಸುಲ್ಕಾಟಾಕ್ಕೆಂದು ತಂದ ಒಣಹುಲ್ಲಿಗೆ ಹನ್ನೆರಡನೆಯ ದಿನ ಬಿಳಿ ಬೂಷ್ಟು. ಎರಡನೆಯ ಚೀಲಕ್ಕೆ ಒಂಬತ್ತನೆಯ ದಿನ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಪೆಟ್ಟಿಗೆಯ ತಳ ಹಲಸಿನ ಹಪ್ಪಳದಂತೆ ಉಬ್ಬಿಕೊಂಡಿತು. ದೀಪದ ಹೋಲ್ಡರ್ ತುಕ್ಕು ಹಿಡಿದು ಮೂರು ಸಲ ಮನೆಯ ಕರೆಂಟನ್ನೇ ಕಡಿದಿತ್ತು. ಕಡಲು ಅಲ್ಲಿಂದ ದೂರವೇನಿಲ್ಲ, ಉಪ್ಪುಗಾಳಿ ಯಾವ ಕಬ್ಬಿಣವನ್ನೂ ಬಿಡುವುದಿಲ್ಲ.

ಒಣ ನಾಡಿನ ಪ್ರಾಣಿಗೆ ತಣ್ಣನೆಯ ಒದ್ದೆ ನೆಲ ಎಂದರೆ ಮೂಗಿನಲ್ಲಿ ಗುಳ್ಳೆ, ಆಮೇಲೆ ಶ್ವಾಸಕೋಶದ ಸೋಂಕು. ಆಮೆಗೆ ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ, ಅಂದರೆ ವಪೆ ಇಲ್ಲ, ಕೆಮ್ಮಿ ಕಫವನ್ನು ಹೊರಹಾಕಲಾರದು. ಪುಸ್ತಕ ಮುಚ್ಚಿ, ಏಪ್ರಿಲ್‌ನಲ್ಲಿ ನಾನು ಹೇಳಿದ್ದು ತಪ್ಪು ಎಂದೆ. ಒಬ್ಬ ಹನ್ನೆರಡು ವರ್ಷದವನ ಮುಂದೆ ಹೀಗೆ ಹೇಳುವುದು ಅಷ್ಟೇನೂ ಕಷ್ಟವಲ್ಲ, ಅವನ ತಂದೆಯ ಮುಂದೆ ಹೇಳುವುದು ಕಷ್ಟ.

ಪುಸ್ತಕದಲ್ಲಿ ಇನ್ನೂ ಒಂದು ಸಂಗತಿ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲ ಹದಿನೇಳು ದಿನ ಹುಡುಗನ ದುಂಡಗಿನ ಅಕ್ಷರ, ಬಣ್ಣದ ಪೆನ್ನಿನ ಗೆರೆಗಳು. ಶಾಲೆ ಜೋರಾದ ಮೇಲೆ ತಾಯಿಯ ಶಿಕ್ಷಕಿಯ ಕೈಬರಹ, ಅದೂ ವಾರಕ್ಕೆ ಎರಡು ದಿನ. ಜುಲೈ ಹತ್ತರ ಬಳಿಕ ಅಂಕಿಗಳೆಲ್ಲ ಕನ್ನಡದವು: ೨೪, ೮೮, ೦. ಬೆಳಗ್ಗೆ ಆರು, ಮಧ್ಯಾಹ್ನ ಒಂದು, ಸಂಜೆ ಏಳು, ಒಂದು ದಿನವೂ ತಪ್ಪಿಲ್ಲ. ಬೂಷ್ಟು ಹಿಡಿದ ಹುಲ್ಲನ್ನು ತೆಗೆದು ಹೊರಗೆ ಹಾಕಿದವರೂ ಅವರೇ. ಬರಲಿರುವ ಆಮೆ ಯಾರದ್ದೆಂದು ನನಗೆ ಆ ಹೊತ್ತಿಗೆ ಗೊತ್ತಾಗಿತ್ತು. 45 ಕಿಲೋದ ಪ್ರಾಣಿಯನ್ನು ಎಪ್ಪತ್ತೆರಡರ ಹೆಂಗಸು ಎತ್ತುವುದಿಲ್ಲ. ಸುಲ್ಕಾಟಾ ಬೇಡ ಎನ್ನಲು ಅದೂ ಒಂದು ಕಾರಣವಾಯಿತು.

ಹಾಗಾದರೆ ಯಾವುದು? ಅಂಕಿಗಳೇ ಹೇಳುತ್ತಿದ್ದವು. ರಾತ್ರಿ 24, ಹಗಲು 28, ತೇವಾಂಶ 85, ಬಿಸಿಲು ಕಡಿಮೆ, ಮರದ ನೆರಳು ಹೆಚ್ಚು. ಇದು ದಕ್ಷಿಣ ಅಮೆರಿಕದ ಮಳೆನಾಡಿನ ಅಂಚಿನ ಹವೆ. ಅಲ್ಲಿನದ್ದೇ ಕೆಂಪುಗಾಲಿನ ಆಮೆ. ಕಪ್ಪು ಚಿಪ್ಪು, ಕಾಲಿನ ಮೇಲೆ ಕುಂಕುಮದ ಚುಕ್ಕೆಗಳಂತಹ ಕೆಂಪು ಹುರುಪೆ. ಬೆಳೆದರೂ ಹೆಚ್ಚಾಗಿ ಒಂದಡಿಯ ಆಸುಪಾಸು. ಹುಲ್ಲೊಂದನ್ನೇ ನೆಚ್ಚಿಕೊಂಡಿಲ್ಲ, ಎಲೆ, ಹೂ, ಬಿದ್ದ ಹಣ್ಣು, ಅಣಬೆ, ಆಗೊಮ್ಮೆ ಈಗೊಮ್ಮೆ ಒಂದು ಹುಳುವನ್ನೂ ತಿನ್ನುತ್ತದೆ. ಅಂದರೆ ಬೂಷ್ಟು ಹಿಡಿಯುವ ಒಣಹುಲ್ಲಿನ ಚೀಲವೇ ಬೇಡ. ಸುಲ್ಕಾಟಾದಷ್ಟು ಎಲ್ಲೆಂದರಲ್ಲಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ಅದಕ್ಕೇ ನಮ್ಮವರ ಬಾಯಲ್ಲಿ ಅದರ ಹೆಸರು ಕಡಿಮೆ.

ಮರಿ ಬೇಡ, ಬೆಳೆದದ್ದನ್ನೇ ಹುಡುಕಿ ಎಂದೆ. ಹುಡುಗನಿಗೆ ಇದು ರುಚಿಸಲಿಲ್ಲ, ಮರಿಯಿಂದ ಸಾಕಿದರೆ ತಾನೇ ನನ್ನದು ಎನ್ನುವುದು ಅವನ ವಾದ. ಆದರೆ ಮೊದಲ ಸಲ ಸಾಕುವವರ ಕೈಯಲ್ಲಿ ಮರಿ ಸಾಯುವುದೇ ಹೆಚ್ಚು. ನೀರು ಆರಿದರೂ ಸಾಯುತ್ತದೆ, ಕಾಗೆಗೂ ಹೆಗ್ಗಣಕ್ಕೂ ಒಂದೇ ತುತ್ತು. ಬೆಳೆದ ಆಮೆಯಾದರೆ ಗಂಡೋ ಹೆಣ್ಣೋ ಗೊತ್ತಿರುತ್ತದೆ. ಗಂಡಿದ್ದರೆ ಒಳಿತು, ಏಕೆಂದರೆ ಹೆಣ್ಣು ಜೊತೆಯಿಲ್ಲದೆಯೂ ಮೊಟ್ಟೆ ತುಂಬಿಕೊಳ್ಳುತ್ತದೆ, ಅಗೆಯಲು ಸರಿಯಾದ ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ನನ್ನ ಮೇಜಿಗೆ ಬರುತ್ತದೆ. ಒಂದೇ ಸಾಕು, ಜೋಡಿ ಬೇಡ. ಆಮೆಗೆ ಒಂಟಿತನ ಎಂಬುದು ನಾವು ಕಟ್ಟಿದ ಕಥೆ.

ನವೆಂಬರ್‌ನಲ್ಲಿ ಮಂಗಳೂರಿನ ಒಂದು ಫ್ಲ್ಯಾಟಿನಲ್ಲಿ ಸಿಕ್ಕಿತು. ಕೊಲ್ಲಿಗೆ ಹೊರಟಿದ್ದ ಕುಟುಂಬ, ಒಂಬತ್ತು ವರ್ಷದ ಗಂಡು, ಆಗಸ್ಟ್ ಗಡುವಿನೊಳಗೆ ಅರ್ಜಿ ಹಾಕಿ ನೋಂದಣಿ ಮಾಡಿಸಿದ್ದ ಕಾಗದಗಳು. ಕಾಗದವನ್ನು ತಂದೆ ನೋಡಿದರು, ಆಮೆಯನ್ನು ನಾನು ನೋಡಿದೆ.

ಚಿಪ್ಪಿನ ಉದ್ದ 21 ಸೆಂಟಿಮೀಟರ್, ತೂಕ 1.8 ಕಿಲೋ. ಹೊಟ್ಟೆಯ ಕಡೆಯ ಚಿಪ್ಪು ಒಳಕ್ಕೆ ತಗ್ಗು, ಬಾಲ ಉದ್ದ ಮತ್ತು ದಪ್ಪ, ಗಂಡೆಂಬುದು ಖಚಿತ. ಕಣ್ಣು ಒದ್ದೆಯಿಲ್ಲದೆ ಹೊಳೆಯುತ್ತಿತ್ತು, ಮೂಗು ಒಣಗಿತ್ತು. ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿದರೆ ಕಲ್ಲು. ಆದರೆ ಬೆನ್ನಿನ ಬಿಲ್ಲೆಗಳು ಸಮವಾಗಿರದೆ ಒಂದೊಂದೂ ಸಣ್ಣ ಗುಡ್ಡೆಯಂತೆ ಎದ್ದಿದ್ದವು. ಚಿಕ್ಕಂದಿನಲ್ಲಿ ಹವಾನಿಯಂತ್ರಿತ ಕೋಣೆಯ ಒಣ ಗಾಳಿಯಲ್ಲಿ ಬೆಳೆದ ಗುರುತು. ಆ ಗುಡ್ಡೆಗಳು ಇನ್ನು ಇಳಿಯುವುದಿಲ್ಲ, ಮುಂದೆ ಬೆಳೆಯುವ ಅಂಚಾದರೂ ಸಮವಾಗಬಹುದು. ಟೈಲ್ಸ್ ನೆಲದ ಮೇಲೆ ನಡೆದು ಹಿಂಗಾಲುಗಳು ಹೊರಕ್ಕೆ ಜಾರುತ್ತಿದ್ದವು. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜಂತಿನ ಮೊಟ್ಟೆಗಳಿದ್ದವು, ಹೆಚ್ಚೇನಲ್ಲ. ಫೆನ್‌ಬೆಂಡಜೋಲ್ ತೂಕ ನೋಡಿ ಕೊಟ್ಟೆ. ಆಮೆ ಸಾಕುವವರು ಇದೊಂದನ್ನು ನೆನಪಿಡಿ: ದನ, ನಾಯಿಗಳಿಗೆ ಜಂತಿಗೂ ಉಣ್ಣೆಗೂ ನಾವು ಸಲೀಸಾಗಿ ಚುಚ್ಚುವ ಐವರ್‌ಮೆಕ್ಟಿನ್ ಆಮೆಗೆ ಮಾರಕ. ಅದು ಆಮೆ ಎಂದು ಗೊತ್ತಿದ್ದೂ ಚುಚ್ಚಲು ಹೊರಟವರನ್ನು ನಾನು ಕಂಡಿದ್ದೇನೆ.

ಡಿಸೆಂಬರ್ ಮೊದಲ ವಾರ ಆಮೆ ಕಲ್ಯಾಣಪುರಕ್ಕೆ ಬಂತು. ಒಂಬತ್ತನೆಯ ದಿನ ತಂದೆ ಪರಿವೇಶ್‌ನಲ್ಲಿ ಅರ್ಜಿ ಹಾಕಿದರು, 30 ದಿನ ಇದ್ದರೂ. ಈ ಹೊತ್ತಿಗೆ ಗೂಡು ಬದಲಾಗಿತ್ತು. ಪ್ಲೈವುಡ್ ಹೋಗಿ ಜಗಲಿಯ ಮೂಲೆಯಲ್ಲಿ ಮುರಕಲ್ಲಿನ ಒಂದೂವರೆ ಅಡಿ ಗೋಡೆ ಬಂದಿತ್ತು. ತಳಕ್ಕೆ ಜಲ್ಲಿ, ಮೇಲೆ ಮಣ್ಣು, ಮೇಲೆ ಒಣ ಎಲೆ. ತೇವದ ಗಾಳಿ ಬೇಕು, ನಿಂತ ನೀರು ಬೇಡ. ಹೊಟ್ಟೆ ಸದಾ ಒದ್ದೆಯಾಗಿದ್ದರೆ ಕೆಂಪುಗಾಲಿನದ್ದಕ್ಕೂ ಚಿಪ್ಪು ಕೊಳೆಯುತ್ತದೆ. ತುಕ್ಕು ಹಿಡಿದ ಹೋಲ್ಡರ್ ಬದಲು ಪಿಂಗಾಣಿಯದು. ಹಗಲು ಬಿಡಲು ಅಂಗಳದಲ್ಲಿ ಕಲ್ಲು ಸುತ್ತಿದ ಜಾಗ, ಅದರಲ್ಲಿ ಪಾದ ಮುಳುಗದಷ್ಟು ಆಳದ ಮಣ್ಣಿನ ತಟ್ಟೆ. ನೆಲದ ಆಮೆಗೆ ಈಜು ಬಾರದು. ರಾತ್ರಿ ಮಾತ್ರ ಹೊರಗಿರುವಂತಿಲ್ಲ, ಬೀದಿ ನಾಯಿ ಒಂದು ಸಾಕು.

ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯದ ಬಗ್ಗೆ ದೊಡ್ಡ ಉಪನ್ಯಾಸಕ್ಕೆ ಸಿದ್ಧನಾಗಿ ಹೋಗಿದ್ದೆ. ಆರೋಗ್ಯವಾಗಿ ಕಾಣುವ ಆಮೆಯ ಕರುಳಿನಲ್ಲೂ ಅದು ಇರುತ್ತದೆ, ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಲ್ಲಿಸಿದ್ದೇ ಮಕ್ಕಳಿಗೆ ಇದರಿಂದ ಬಂದ ಕಾಯಿಲೆಗಾಗಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಆಮೆಯ ಪಾತ್ರೆ ಅಡುಗೆಮನೆಯ ಸಿಂಕಿಗೆ ಬರಬಾರದು ಎಂದು ಶುರುಮಾಡಿದೆ. ಅಜ್ಜಿ ಅರ್ಧದಲ್ಲೇ ತಡೆದರು. ಅವರ ಮಡಿಯಲ್ಲಿ ಆಮೆಗೆ ಬೇರೆ ಬೇಸಿನ್, ಬೇರೆ ಬಟ್ಟೆ, ಬೇರೆ ನಲ್ಲಿ ಆಗಲೇ ನಿಗದಿಯಾಗಿತ್ತು. ಹುಡುಗ ಆಮೆ ಮುಟ್ಟಿದ ಕೈಯಲ್ಲಿ ಬಾಗಿಲ ಚಿಲಕ ಮುಟ್ಟಿದರೂ ಗದರಿಕೆ. ನಾನು ಕೈಚೀಲ ಮುಚ್ಚಿದೆ.

ಮೊದಲ ಐದು ದಿನ ಅದು ಏನೂ ತಿನ್ನಲಿಲ್ಲ. ದಿನಕ್ಕೆ ಎರಡು ಕರೆ ಬರುತ್ತಿತ್ತು. ಸ್ಥಳ ಬದಲಾದ ಆಮೆ ವಾರ ಉಪವಾಸ ಇದ್ದರೂ ಭಯವಿಲ್ಲ, ಉಗುರು ಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ತೂಕ ನೋಡಿ ಎಂದೆ. ಆರನೆಯ ದಿನ ಹುಡುಗ ಪಪ್ಪಾಯಿ ತುಂಡು ಹಿಡಿದು ಕಾದ, ಸುಮ್ಮನೆ ತಲೆ ಒಳಗೆಳೆದುಕೊಂಡಿತು. ಅಜ್ಜಿ ಬೆಳಗಿನ ಪೂಜೆಗೆ ಕೊಯ್ದ ದಾಸವಾಳದಲ್ಲಿ ಒಂದನ್ನು ಎಲೆಗಳ ಮೇಲಿಟ್ಟು ಒಳಗೆ ಹೋದರು. ಮರಳಿ ಬಂದಾಗ ಹೂವಿರಲಿಲ್ಲ, ಗಲ್ಲದಲ್ಲಿ ಕೆಂಪು ಅಂಟಿತ್ತು. ದೇವರಿಗೆ ಇಡುವ ಮೊದಲೇ ಆಮೆಗೆ ಇಟ್ಟದ್ದನ್ನು ಅವರು ಯಾರಿಗೂ ಹೇಳಬೇಡಿ ಎಂದಿದ್ದರು. ಹೆಸರಿಲ್ಲದೆ ಬರೆದಿದ್ದೇನೆ.

ಏಪ್ರಿಲ್‌ಗೆ ತೂಕ 1.96 ಕಿಲೋ. ಹಿಂಗಾಲುಗಳು ಮಣ್ಣಿನಲ್ಲಿ ನೇರವಾಗಿ ಊರುತ್ತಿದ್ದವು. ಹುಡುಗನ ಹಿಂದೆ ಅದು ನಡೆಯುತ್ತಿರಲಿಲ್ಲ. ಹಳದಿ ಸೀರೆಯ ಅಂಚು ಕಂಡರೆ ಮಾತ್ರ ಮಡಕೆಯಿಂದ ಹೊರಬರುತ್ತಿತ್ತು. ಇದರಿಂದ ಅವನಿಗೆ ನಿಜವಾಗಿಯೂ ಬೇಸರವಾಗಿತ್ತು, ಅದನ್ನು ಮುಚ್ಚಿಡಲಾರೆ. ತೂಕ ನೋಡುವ ಕೆಲಸ ಮಾತ್ರ ಅವನದೇ ಆಗಿ ಉಳಿದಿದೆ, ಪ್ರತಿ ಭಾನುವಾರ, ಅಡುಗೆಮನೆಯದಲ್ಲದ ಬೇರೆ ತಕ್ಕಡಿಯಲ್ಲಿ.

ಈ ಆಮೆ ಮುಂದೆ ಯಾರದ್ದು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ಕೇಳಿದ್ದೆ. ಐವತ್ತು ವರ್ಷ ಬದುಕಬಲ್ಲ ಪ್ರಾಣಿ, ತಂದೆಗೆ ಮೂರು ವರ್ಷಕ್ಕೊಮ್ಮೆ ವರ್ಗಾವಣೆ, ಹುಡುಗ ಓದಲು ಎಲ್ಲಿಗೆ ಹೋಗುತ್ತಾನೋ. ಹಾಳೆಯಲ್ಲಿ ಹುಡುಗನ ಹೆಸರು, ಅವನ ಕೆಳಗೆ ಬ್ರಹ್ಮಾವರದ ಸೋದರಮಾವನ ಮಗಳ ಹೆಸರು. ಮೇಲೆ, ಎಲ್ಲಕ್ಕಿಂತ ಮೊದಲು, ನಡುಗುವ ಕೈಬರಹದಲ್ಲಿ ಒಂದು ಸಾಲು: ಮೊದಲ ಹತ್ತು ವರ್ಷ ನನ್ನದು.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತು, ನಮ್ಮಲ್ಲೂ ತಡವಾಗಲಿಲ್ಲ. ಜಗಲಿಗೆ ತಟ್ಟಿ ಕಟ್ಟುವ ಕೆಲಸ ಅರ್ಧಕ್ಕೆ ನಿಂತಿತ್ತು. ಆ ವಾರ ಒಂದು ಬೆಳಗ್ಗೆ ಅಜ್ಜಿಯ ಕರೆ ಬಂತು, ಹಿನ್ನೆಲೆಯಲ್ಲಿ ಹೆಂಚಿನ ಮೇಲೆ ಮಳೆಯ ಅಬ್ಬರ. "ಡಾಕ್ಟರೇ, ಇದು ಒಳಗೆ ಬರುವುದಿಲ್ಲ. ಮಾಡಿನ ನೀರು ಬೀಳುವಲ್ಲಿ ನಿಂತು ಕತ್ತು ಚಾಚಿ ಕುಡಿಯುತ್ತಾ ಇದೆ. ಎತ್ತಿ ತರಲೋ?"

ಮೂಗು ನೋಡಿ ಎಂದೆ. ಗುಳ್ಳೆ ಇಲ್ಲ ಎಂದರು. ನೀರು ನಿಂತಿದೆಯೇ ಎಂದೆ. ಹರಿದು ಹೋಗುತ್ತಿದೆ ಎಂದರು. ಬಿಡಿ ಎಂದೆ.

ಸಂಜೆ ಮನೆಗೆ ಹೋಗುವಾಗ ಅವರಲ್ಲಿಗೆ ಹೋದೆ. ಜಗಲಿಯ ಕಂಬಕ್ಕೆ ತೂಗುಹಾಕಿದ್ದ ನೋಟ್ ಪುಸ್ತಕ, ಅದೇ ಹಳೆಯದು, ಖಾಲಿ ಉಳಿದಿದ್ದ ಪುಟಗಳಲ್ಲಿ ಮುಂದುವರಿದಿತ್ತು. ಆ ದಿನದ ಸಾಲಿನಲ್ಲಿ ಬರೆದಿತ್ತು: ಬೆಳಗ್ಗೆ ೨೫. ತೇವ ೯೧. ಬಿಸಿಲು ೦. ಆಮೆ ಹೊರಗೆ.